ಟಗರಿನ ಲೆಕ್ಕದ ಸೂಜಿ

"ನಾಗಲಗಿದ್ದದಿಂದ ಮನೂರಿನ ತನಕ ನನ್ನಂಥ ಎದಿ ಇನ್ನೊಂದು ಹುಟ್ಟಿಲ್ಲ. ಹುಟ್ಟಿದ್ರ ಅದಕ್ಕ ಅಂಗಿ ಹೊಲಿಯೋ ದರ್ಜಿ ಹುಟ್ಟಿಲ್ಲ!"

ಇದು ಕುರಿ ಕಾಯುವ ಮೌನೇಶ ಪೈಲ್ವಾನನ ಮಾತು. ಸುಳ್ಳೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಹಿಂದೆ ಹತ್ತಿ ಕುಳಿತರೆ ಆಟೋದ ಮುಂದಿನ ಗಾಲಿ ನೆಲ ಬಿಟ್ಟು, ಡ್ರೈವರನಿಗೆ ರಸ್ತೆಯ ಬದಲು ಆಕಾಶ ಕಾಣುತ್ತಿತ್ತು. ಅವನು ಸೀನಿದರೆ ಗಡಿಯಾಚೆ ಕರ್ನಾಟಕದಲ್ಲಿ ತೊಗರಿ ಹೂ ಉದುರುತ್ತಿತ್ತು.

ಈ ಎದೆ ಮಾತ್ರ ಹುಟ್ಟಿನಿಂದ ಬಂದದ್ದಲ್ಲ. ಹಿಂದಿನ ವರ್ಷ ಕಲ್ಹೇರಿನ ಕುಸ್ತಿಯಲ್ಲಿ ಲಿಂಗರಾಜನೆಂಬುವನು, ಜನ ಸರಿಯಾಗಿ ಕುಂಡೆ ಊರುವಷ್ಟರಲ್ಲೇ, ಇವನ ಬೆನ್ನನ್ನು ಮಣ್ಣಿಗೆ ಹಚ್ಚಿ, ಗೆದ್ದವನ ಕೈಗೆ ಹಾಕುವ ಬೆಳ್ಳಿ ಕಡ ತೊಟ್ಟು ಹೋಗಿದ್ದ. ಮರುವಾರವೇ ಮೌನೇಶ ಜಹೀರಾಬಾದಿಗೆ ಹೋಗಿ, ಅಲ್ಲಿ ಜಿಮ್ ನಡೆಸುವ ವೈಜಿನಾಥನ ಕಾಲು ಹಿಡಿದ. ವೈಜಿನಾಥ ಸ್ಟೆರಾಯ್ಡ್ ಬಾಟಲಿಗಳ ಡಬ್ಬಿಯೊಂದನ್ನು ಕೊಟ್ಟು, "ವಾರಕ್ಕ ಒಂದ್ ಸೂಜಿ. ಚುಚ್ಚಾಕ ಬರ್ತದೇನು?" ಎಂದ.

"ಉಸ್ತಾದ್, ಒಂದೇ ಮುಂಜಾನಿ ಮುನ್ನೂರು ಕುರಿಗಿ ಚುಚ್ಚಿದ ಕೈ ಇದು!"

ಎಡವಿದ್ದು ಅಲ್ಲೇ. ಕುರಿಹಟ್ಟಿಯಲ್ಲಿ ಮದ್ದೆಂದರೆ ತೂಕದ ಲೆಕ್ಕ. ನಲವತ್ತು ಕಿಲೋದ ಟಗರಿಗೆ ಒಂದು ಪಾಲಾದರೆ ತೊಂಬತ್ತು ಕಿಲೋದ ಪೈಲ್ವಾನನಿಗೆ ಎರಡು ಪಾಲು. ಟಗರು ಕುಸ್ತಿಗೆ ಹೋಗುವುದಿಲ್ಲವಾದ್ದರಿಂದ ಮೇಲೆ ಇನ್ನಿಷ್ಟು. ಚುಚ್ಚಿದ ಕುರಿಗೇ ಮತ್ತೆ ಚುಚ್ಚದಿರಲೆಂದು ಬೆನ್ನಿಗೆ ನೀಲಿ ಬಳಿಯುವುದು ಹಟ್ಟಿಯ ಪದ್ಧತಿ. ಮೌನೇಶ ಅದನ್ನೂ ಬಿಡದೆ ತನ್ನ ತೊಡೆಗೆ ನೀಲಿ ಬಳಿದುಕೊಂಡ. ಕುರಿ ದಿನಾ ಸೋಪು ಹಚ್ಚಿ ಮೈ ತೊಳೆಯುವುದಿಲ್ಲ, ತಾನು ತೊಳೆಯುತ್ತೇನೆ ಎಂಬುದಷ್ಟೇ ಹೊಳೆಯಲಿಲ್ಲ. ನೀಲಿ ಅಳಿಸಿದಾಗಲೆಲ್ಲ ವಾರ ಮುಗಿಯಿತೆಂದು ಇನ್ನೊಂದು ಸೂಜಿ!

ತೋಳು ಉಬ್ಬಿದವು. ಬೆನ್ನ ಮೇಲೆ ಜೋಳದ ತೆನೆಯಂತೆ ಮೊಡವೆ ಎದ್ದವು. ಸಿಟ್ಟು ಎಷ್ಟೆಂದರೆ, ದಾರಿ ಬಿಡಲಿಲ್ಲವೆಂದು ತನ್ನದೇ ಟಗರಿಗೆ ತಲೆಯಿಂದ ಗುದ್ದಿದ. ಟಗರು ನಾಚಿಕೆಯಿಂದ ಮೂರು ದಿನ ಮೇವು ಮುಟ್ಟಲಿಲ್ಲ. ಕೊನೆಗೆ ಎದೆಯೂ ಹಿಗ್ಗಿತು, ಆದರೆ ಗಂಡಸಿಗೆ ಹಿಗ್ಗಬಾರದ ರೀತಿಯಲ್ಲಿ. ಮೊಲೆ ಮೂಡಿ, ಅಂಗಿ ತಗುಲಿದರೂ ನೋವು.

ಹೆಂಡತಿ ಶಿರೀಷಾ ನೋಡಿದಳು. "ದರ್ಜಿ ಯಾಕ್ರಿ? ನನ್ನ ಕುಪ್ಪಸಾನೇ ಬರಾಬರ್ ಕುಂದರ್ತದ, ತಗೋರಿ."

ಅವಳ ನಗೆ ಅಷ್ಟಕ್ಕೇ ನಿಂತಿತು. ಮದುವೆಯಾಗಿ ವರ್ಷ ತುಂಬಿತ್ತು, ಬಸಿರಿನ ಸುಳಿವಿರಲಿಲ್ಲ. ಅತ್ತೆ ಮೋನಮ್ಮ ಸೊಸೆಗೆ ಕುಡಿಸದ ಕಷಾಯವಿಲ್ಲ, ಕಟ್ಟದ ತಾಯಿತವಿಲ್ಲ. ಹೀಗಿರುವಾಗ ಒಂದು ದಿನ ಕಸರತ್ತಿನ ನಡುವೆ ಮೌನೇಶನ ಮೂಗಿನಿಂದ ರಕ್ತ ಸುರಿಯಿತು. ಮೂವರೂ ಹೋಗಿ ಜಹೀರಾಬಾದಿನ ಡಾಕ್ಟರ್ ಸ್ವಾತಿಯ ಮುಂದೆ ಕುಳಿತರು.

ಬಿ.ಪಿ. ನೂರಾ ತೊಂಬತ್ತು. ರಕ್ತ ಗಟ್ಟಿಯಾಗಿತ್ತು, ಲಿವರ್ ಹದಗೆಟ್ಟಿತ್ತು, ಹೃದಯದ ಗೋಡೆ ದಪ್ಪವಾಗತೊಡಗಿತ್ತು. ವೀರ್ಯದಲ್ಲಿ ಮಾತ್ರ ದುರ್ಬೀನು ಹಾಕಿ ಹುಡುಕಿದರೂ ಒಂದು ವೀರ್ಯಾಣುವೂ ಸಿಗಲಿಲ್ಲ.

"ಹೊರಗಿಂದ ಹಾರ್ಮೋನ್ ಬಂದ್ರ ಒಳಗಿನ ಕಾರ್ಖಾನಿ ಬಂದ್ ಆಗ್ತದ," ಎಂದಳು ಸ್ವಾತಿ, ಮೌನೇಶನಿಂದ ಸೂಜಿಯ ಕಥೆ ಹೊರಡಿಸಿ.

ಮೋನಮ್ಮ ಮುಂದೆ ಬಾಗಿದಳು. "ಅಂದ್ರ ಡಾಕ್ಟರ್‌ಬಾಯಿ, ನಾವು ಟಗರಿನ ಬೀಜ ಒಡಿತೀವಲ್ಲ, ಅದನ್ನ ಇವ ತನಗ ತಾನೇ ಮಾಡ್ಕೊಂಡಾನ?"

"ಹಂಗೇ ತಿಳ್ಕೋರಿ ಅಮ್ಮಾ. ಅಲ್ಲಿ ಇಕ್ಕಳ, ಇಲ್ಲಿ ಸೂಜಿ."

"ತೊಡ್ಯಾಗ ಸೂಜಿ ನಿಂದು, ಕೊಳ್ಳಾಗ ತಾಯಿತ ಆಕಿದೇನೋ?" ಎಂದು ಮೋನಮ್ಮ ಮಗನ ಬೆನ್ನಿಗೊಂದು ಗುದ್ದಿದಳು. ಗುದ್ದು ಮೊಡವೆಯ ಮೇಲೆ ಬಿತ್ತು. ನಾಗಲಗಿದ್ದದಿಂದ ಮನೂರಿನ ತನಕದ ಎದೆಗಾರ ಅಯ್ಯಯ್ಯೋ ಎಂದ.

"ಸೂಜಿ ಇವತ್ತೇ ಬಿಡ್ಬೇಕು, ತಿಂಗಳಾ ಬಂದು ತೋರ್ಸಬೇಕು," ಸ್ವಾತಿ ನಗಲಿಲ್ಲ. "ಕಾರ್ಖಾನಿ ಮತ್ತ ಚಾಲೂ ಆಗಾಕ ವರ್ಷ ಹಿಡಿಬಹುದು. ಆಗೇ ಆಗ್ತದ ಅಂತ ನಾ ಹೇಳಾಂಗಿಲ್ಲ. ಬಿಡದಿದ್ರ ಕೂಸಿನ ಮಾತು ಹೋಗ್ಲಿ, ನಿನ್ನ ಹೃದಯಾನೇ ನಿಲ್ಲಬಹುದು."

ಹಟ್ಟಿ ಮುಟ್ಟಿದ ಮೇಲೆ ಶಿರೀಷಾಳದು ಒಂದೇ ಮಾತು: "ಕಡ ಬೇಕೋ, ಕೂಸು ಬೇಕೋ, ನೋಡ್ಕೋರಿ."

ಮೌನೇಶ ಸೂಜಿ ಬಿಟ್ಟ. ತೋಳು ಇಳಿದವು, ಮನಸ್ಸು ಅದಕ್ಕಿಂತ ಬೇಗ ಇಳಿಯಿತು. ಕುರಿಗಳ ನಡುವೆ ಕುಳಿತು ಕಾರಣವಿಲ್ಲದೆ ಅಳುತ್ತಿದ್ದ. ಕಲ್ಹೇರಿನ ಕುಸ್ತಿಗೆ ಹದಿನೈದು ದಿನ ಉಳಿದಾಗ ವೈಜಿನಾಥ ಬೈಕು ಹತ್ತಿ ಹಟ್ಟಿಗೇ ಬಂದ. ಕೈಯಲ್ಲಿ ಹೊಸ ಡಬ್ಬಿ.

"ಏನಲೇ ಇದು, ಗಾಳಿ ಹೋದ ಟ್ಯೂಬ್ ಆಗೀದಿ! ಇದೊಂದ್ ಸಲ ಚುಚ್ಕೋ. ಲಿಂಗರಾಜನ್ನ ಒಗದು ಕಡ ತೊಟ್ಕೋ, ಆಮ್ಯಾಲ ಬಿಡು."

ಮೌನೇಶನ ಕೈ ಡಬ್ಬಿಯ ಕಡೆಗೆ ಅರ್ಧ ಹೋಯಿತು. ಆಡಿನ ಹಾಲು ಕರೆಯುತ್ತಿದ್ದ ಶಿರೀಷಾ ಕರೆಯುವುದನ್ನು ನಿಲ್ಲಿಸಿದಳು. ಕೈ ಅಲ್ಲೇ ನಿಂತಿತು.

"ಉಸ್ತಾದ್, ನೀ ಎಷ್ಟ್ ಸೂಜಿ ತಗೊಂಡಿ?"

"ನಾನಾ? ನಂಗೇನ್ ಹುಚ್ಚಲೇ? ಹೆಂಡ್ತಿ ಮಕ್ಕಳಿದ್ದಾಂವ ನಾ!" ಅಂದ ಮೇಲೆ ವೈಜಿನಾಥ ನಾಲಿಗೆ ಕಚ್ಚಿಕೊಂಡ. ಅದನ್ನು ಮುಚ್ಚಲು ದನಿ ಏರಿಸಿದ: "ಹಂಗಾದ್ರ ಹೋಗು, ಸೋಲು! ಲಿಂಗರಾಜ ಒಗದ್ರ ಮ್ಯಾಲ ಏಳಾಂಗಿಲ್ಲ ನೀ."

"ಲಿಂಗರಾಜ ಒಗದ್ರ ಮಣ್ಣು ಜಾಡಿಸಿ ಎದ್ದು ಬರ್ತೀನಿ," ಎಂದ ಮೌನೇಶ. "ನೀ ಒಗದಿದ್ದಕ್ಕ ಮ್ಯಾಲ ಏಳಾಕ ಒಂದ್ ವರ್ಷ ಬೇಕಂತ, ಅದೂ ಖಾತ್ರಿ ಇಲ್ಲಂತ. ಅಷ್ಟು ದೊಡ್ಡ ಪೈಲ್ವಾನ ಜಿಮ್ಮಿನ್ಯಾಗ ಯಾಕ ಕುಂತಿ? ಲಂಗೋಟಿ ಕಟ್ಟು, ಕಡ ನೀನೇ ತಗೊಂಡ್ ಬಾ!"