ಮದುವೆಮನೆ ಅಂತ ಹೊಕ್ಕ ಬೋರ್ಡಿಂಗು

ನನ್ನ ಮೊಮ್ಮಗಳು ಬಿ.ಎ. ಪಾಸಾದಳು. ಅದೂ ಫಸ್ಟ್ ಕ್ಲಾಸಿನಲ್ಲಿ. ಮೊದಲು ಇದನ್ನು ಬರೆದುಬಿಡುತ್ತೇನೆ, ಯಾಕಂದರೆ ಮೊನ್ನೆ ಸೋಮವಾರದಿಂದ ಎದುರಿಗೆ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಹಾಲಿನವನಿಗಂತೂ ಎರಡು ಸಲ ಹೇಳಿದೆ. ಎರಡನೇ ಸಲ ಅವನು, "ಗೊತ್ತೈತಿ ಬಿಡಬೇ ಅಜ್ಜೀ, ನಿನ್ನೇನ ಹೇಳೀದಿ" ಅಂದ. ಹೇಳಿದರೆ ಏನಾತು, ಇನ್ನೊಂದು ಸಲ ಕೇಳಿದರೆ ಅವನ ಹಾಲು ಒಡೆಯುತ್ತದೇನು.

ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ, ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಅವತ್ತು ಅವಳು ಕಾಲೇಜಿನ ಬೋರ್ಡ್ ನೋಡಿಕೊಂಡು ಬಂದವಳು ಚಪ್ಪಲಿ ಸಹಿತ ಒಲೆಯ ಮುಂದೆ ಬಂದು ನಿಂತು, "ಅಜ್ಜೀ, ಆತು" ಅಂದಳು. ಅಷ್ಟೇ. ನನ್ನ ಕೈಯೆಲ್ಲ ಹಿಟ್ಟು. ಹಾಗೇ ಅವಳ ಮುಖ ಹಿಡಿದೆ. ಇಬ್ಬರ ಮುಖಕ್ಕೂ ಜೋಳದ ಹಿಟ್ಟು ಮೆತ್ತಿ, ಅಳುತ್ತೇವೋ ನಗುತ್ತೇವೋ ಮನೆ ಮಾಲಕರ ಹೆಂಡತಿಗೆ ತಿಳಿಯದೆ ಬಾಗಿಲಲ್ಲಿ ನಿಂತು ನೋಡಿದಳು. ಮೂರು ವರ್ಷದಲ್ಲಿ ಆಕಿ ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು.

ನಮ್ಮದು ಗಳಗನಾಥ. ಅಲ್ಲಿಂದ ರಾಣೇಬೆನ್ನೂರಿನ ಕಾಲೇಜಿಗೆ ದಿನಾ ಹೋಗಿಬರಲು ಬಸ್ಸು ಹೊಂದುತ್ತಿರಲಿಲ್ಲ. ಬೆಳಗಿನ ಬಸ್ಸು ಹಿಡಿದರೆ ಕಾಲೇಜು ಸಿಗುತ್ತಿತ್ತು, ಸಂಜೆ ಊರು ಸಿಗುತ್ತಿರಲಿಲ್ಲ. ರಾಣೇಬೆನ್ನೂರಲ್ಲಿ ಸಮಾಜದವರು ನಡೆಸುವ ಬೋರ್ಡಿಂಗು ಇತ್ತು, ಊಟ ವಸತಿ ಎಲ್ಲ ಪುಕ್ಕಟೆ, ಆದರೆ ಗಂಡು ಹುಡುಗರಿಗೆ ಮಾತ್ರ. ನನ್ನ ಮಗ ಒಕ್ಕಲುತನದವನು, ಮಾತು ಕಡಿಮೆ. ಹೊರಸಿನ ಮೇಲೆ ಕೂತು ಒಂದೇ ಮಾತು ಹೇಳಿದ: "ಅವ್ವಾ, ನೀ ಅಕಿ ಜೋಡಿ ಹೋಗಿ ಇರ್ತೀನಂದ್ರ ಕಾಲೇಜು. ನೀ ಹೊಳ್ಳಿ ಬಂದ್ರ ಅಕೀನೂ ಹೊಳ್ಳಿ ಬರಬೇಕು." ಆಗಲೇ ಎರಡು ಕಡೆಯಿಂದ ಕನ್ಯಾ ಕೇಳಿಕೊಂಡು ಬಂದಿದ್ದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ರೊಟ್ಟಿ ಬಡಿದು ಹಾಕುವುದು ಏನು ದೊಡ್ಡ ಕೆಲಸ ಅಂತ ತಿಳಿದಿದ್ದೆ.

ರೊಟ್ಟಿ ಬಡಿಯುವುದು ದೊಡ್ಡ ಕೆಲಸ ಆಗಲಿಲ್ಲ. ಬಡಿದಾದ ಮೇಲೆ ಇರುವ ಹೊತ್ತು ದೊಡ್ಡದಾಯಿತು.

ರಾಣೇಬೆನ್ನೂರಲ್ಲಿ ಬಾಡಿಗೆಗೆ ಹಿಡಿದದ್ದು ಒಂದು ಖೋಲಿ, ಮುಂದೆ ಒಂದು ಹೆಜ್ಜೆಯಷ್ಟು ಪಡಸಾಲೆ. ಒಂಬತ್ತಕ್ಕೆ ಮೊಮ್ಮಗಳು ಬುತ್ತಿ ಕಟ್ಟಿಕೊಂಡು ಹೋದರೆ ಐದಕ್ಕೆ ಬರುವವಳು. ಊರಲ್ಲಿ ನಾನು ಕಟ್ಟೆಗೆ ಕೂತರೆ ಹೊಲಕ್ಕೆ ಹೋಗುವವರು, ಹೊಳೆಗೆ ಹೋಗುವವರು, ಎಲ್ಲರೂ ಒಂದು ಮಾತು ಒಗೆದೇ ಹೋಗುವವರು. ಊಟ ಆತೇನು, ಮೊಣಕಾಲು ಹೆಂಗದಾವು, ಸೊಸಿ ಜೋಡಿ ಇವತ್ತ ಜಗಳಾಡೀರೋ ಇಲ್ಲೋ ಅಂತ. ಇಲ್ಲಿ ನಾನು ಬಾಗಿಲಲ್ಲಿ ಕೂತರೆ ಓಣಿಯವರು ನನ್ನನ್ನು ದಾಟಿ ಆಚೆ ನೋಡುತ್ತಿದ್ದರು. ಸೊಕ್ಕಿನವರೇನಲ್ಲ. ಅವರಿಗೆ ನಾನು ಯಾರ ಪೈಕಿ ಅಂತ ಗೊತ್ತಿರಲಿಲ್ಲ, ಕೇಳಲು ಪುರುಸೊತ್ತೂ ಇರಲಿಲ್ಲ. ಮಧ್ಯಾಹ್ನ ಎಲ್ಲ ಬಾಗಿಲು ಹಾಕಿರುತ್ತಿದ್ದವು. ಒಳಗಿನಿಂದ ಟಿ.ವಿ. ಮಾತಾಡುವುದು ಕೇಳುತ್ತಿತ್ತು. ಒಂದು ದಿನ ಸಂಜೆ ಮೊಮ್ಮಗಳು ಬಂದು ಏನೋ ಕೇಳಿದಾಗ ಉತ್ತರ ಹೇಳಲು ಹೋದರೆ ಗಂಟಲು ಕಟ್ಟಿಕೊಂಡಿತ್ತು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಅದಕ್ಕೆ.

ಬರಬರುತ್ತ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕೂಡ್ರಲು ಶುರುಮಾಡಿದೆ. ಗುತ್ತಲದ ಕಡೆಯಿಂದ ಬಸ್ಸು ಬಂದರೆ ಎದ್ದು ನಿಂತು ಇಳಿಯುವವರ ಮುಖ ನೋಡುವುದು. ನಮ್ಮೂರವರು ಒಬ್ಬರು ಇಳಿದರೆ ಸಾಕು, ಅವರ ಕೈಚೀಲ ಹಿಡಿದು ನಿಲ್ಲಿಸಿ ಯಾರ ಎಮ್ಮೆ ಈಯಿತು, ಯಾರ ಮನೆಗೆ ಹೊಸ ಸೊಸೆ ಬಂದಳು ಎಲ್ಲ ಕೇಳುತ್ತಿದ್ದೆ. ಅವರಿಗೆ ಅವಸರ. ದವಾಖಾನೆಗೋ ಬೀಜದ ಅಂಗಡಿಗೋ ಬಂದಿರುತ್ತಿದ್ದರು. ಬಹಳ ದಿನ ಯಾರೂ ಇಳಿಯುತ್ತಿರಲಿಲ್ಲ. ಬಸ್ಸು ಹೊಳ್ಳುವಾಗ, ಹತ್ತಿ ಕೂತುಬಿಡಲೇನು ಅನಿಸುತ್ತಿತ್ತು.

ಐದು ತಿಂಗಳಾಗಿತ್ತು. ಒಂದು ಸಂಜೆ ಮೊಮ್ಮಗಳ ಮುಂದೆ ಹೇಳಿಬಿಟ್ಟೆ, ನನಗೆ ಇಲ್ಲಿ ಆಗುವುದಿಲ್ಲ, ಅಮಾಸಿ ಮುಗಿದ ಮೇಲೆ ಊರಿಗೆ ಹೋಗುತ್ತೇನೆ ಅಂತ. ನಾನು ಹೋದರೆ ಅವಳ ಕಾಲೇಜು ಮುಗಿಯಿತು, ಇದು ಇಬ್ಬರಿಗೂ ಗೊತ್ತಿತ್ತು. ಅವಳು ಸಿಟ್ಟಾಗಿದ್ದರೆ ನನಗೆ ಹಗುರ ಆಗುತ್ತಿತ್ತು. ಅವಳು ನನ್ನ ಬೆನ್ನ ಮೇಲೆ ಕೈ ಆಡಿಸಿ, "ಆತು ಬಿಡಬೇ, ಇಬ್ಬರೂ ಹೋಗೂಣು. ನೀ ಅಳಬ್ಯಾಡ" ಅಂದಳು. ಮರುದಿನ ನೋಡಿದರೆ ಪುಸ್ತಕಗಳಿಗೆ ಹಗ್ಗ ಕಟ್ಟಿ ಮೂಲೆಗೆ ಇಟ್ಟಿದ್ದಳು. ಲೈಬ್ರರಿಯವು ಬೇರೆ, ಸ್ವಂತದವು ಬೇರೆ. ಆ ಎರಡು ಗಂಟು ನೋಡಿದ ಮೇಲೆ ನನಗೆ ಖೋಲಿಯಲ್ಲಿ ಕೂಡ್ರಲು ಆಗಲಿಲ್ಲ. ಕೀಲಿ ಹಾಕಿ ಹೊರಬಿದ್ದೆ.

ಎರಡು ಓಣಿ ದಾಟಿದ್ದೆ, ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಒಬ್ಬರ ಕೈಯದಲ್ಲ, ಎಂಟು ಹತ್ತು ಮಂದಿಯ ಕೈ ಒಮ್ಮೆಗೇ ಬೀಳುವ ಸಪ್ಪಳ. ನಮ್ಮ ಕಡೆ ಆ ಸಪ್ಪಳ ಕೇಳಿದರೆ ಮದುವೆಮನೆ ಅಂತಲೇ. ನಾಲ್ಕು ದಿನ ಮೊದಲೇ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿದು ಒಣಗಿಸಿ ಇಡುತ್ತಾರೆ. ಅದಕ್ಕೆ ಯಾರೂ ಕರೆಯುವುದಿಲ್ಲ. ಸಪ್ಪಳ ಕೇಳಿಯೂ ಹೋಗದಿದ್ದರೆ ಅದು ತಪ್ಪು. ನಾನು ಹಿಂದು ಮುಂದು ನೋಡದೆ ಒಳಗೆ ಹೋದೆ. ಸೀರೆ ಸಿಕ್ಕಿಸಿ, ಕೈಕಾಲು ತೊಳೆದು, ಒಂದು ಒಲೆಯ ಮುಂದೆ ಜಾಗ ಖಾಲಿ ಇತ್ತು, ಕೂತೆ. ಒಬ್ಬಾಕಿ ಹಿಟ್ಟು ಈ ಕಡೆ ಸರಿಸಿದಳು. ಯಾರೂ ನೀ ಯಾರು ಅನ್ನಲಿಲ್ಲ. ಮಧ್ಯಾಹ್ನದ ತನಕ ಬಡಿದೆ. ಐದು ತಿಂಗಳಲ್ಲಿ ಮೊದಲ ಸಲ ನನ್ನ ಮೈಯ ಗುರುತು ನನಗೆ ಸಿಕ್ಕಹಾಗಾಯಿತು.

ಮದುವೆಮನೆಗೆ ಬರಿಗೈಲಿ ಹೋಗಿದ್ದೆ ಅನ್ನುವುದು ಒಂದೇ ಮನಸ್ಸಿಗೆ ಹತ್ತಿತ್ತು. ಮರುದಿನ ಟ್ರಂಕಿನಿಂದ ಒಂದು ಹೊಸ ಕಣ ತೆಗೆದೆ, ಬ್ಯಾಡಗಿಗೆ ಕೊಟ್ಟ ಮಗಳು ನನಗೆ ಕುಪ್ಪಸಕ್ಕೆ ತಂದದ್ದು. ಒಂದು ಟೆಂಗಿನಕಾಯಿ ಕೊಂಡೆ. ಹೋಗಿ, ಅಲ್ಲಿ ಎಲ್ಲರಿಗಿಂತ ಹಿರಿಯಳಂತೆ ಕಂಡವಳನ್ನು ಕೇಳಿದೆ: "ಮದುಮಗಳು ಎಲ್ಲದಾಳ? ನಿನ್ನೆ ಮಾತಾಡಸಾಕ ಆಗಲಿಲ್ಲ."

ಆಕಿ ಅರಿವೆ ಅಂಗಡಿಯವರ ಮನೆಯವಳು, ಅಡುಗೆಮನೆಯ ಉಸ್ತುವಾರಿ ಆಕಿಯದೇ. ನನ್ನ ಕೈಯಲ್ಲಿನ ಕಣ ನೋಡಿದಳು, ಕಾಯಿ ನೋಡಿದಳು.

"ಯಾವ ಮದುಮಗಳಬೇ? ಇದು ಬೋರ್ಡಿಂಗು. ಇಲ್ಲಿರೋ ಹುಡುಗರಿಗೆ ಇನ್ನ ಮೀಸಿನ ಸರಿ ಬಂದಿಲ್ಲ."

ಎಂಟು ಹತ್ತು ಮಂದಿ ಬಡಿಯುವುದು ನಿಲ್ಲಿಸಿ ನಕ್ಕರು. ಅದು ಅದೇ ಪುಕ್ಕಟೆ ಬೋರ್ಡಿಂಗು, ನನ್ನ ಮೊಮ್ಮಗಳಿಗೆ ಜಾಗ ಇಲ್ಲದ್ದು. ಊರಿನ ಹೆಂಗಸರ ಮಂಡಳಿಯವರು ಅಲ್ಲಿ ಸೇವೆಗೆ ರೊಟ್ಟಿ ಬಡಿಯುತ್ತಿದ್ದರು. ಒಂದೊಂದು ಓಣಿಯವರಿಗೆ ಒಂದೊಂದು ದಿನದ ಪಾಳಿ. ಮನೆಮನೆಯಲ್ಲಿ ಹಿಟ್ಟು ನಾದುವ ಮೊದಲು ಒಂದು ಮುಷ್ಟಿ ತೆಗೆದು ಬೇರೆ ಡಬ್ಬಿಗೆ ಹಾಕಿಡುವುದು, ಪಾಳಿ ಬಂದ ದಿನ ಅದನ್ನು ತರುವುದು. ಹಿಂದಿನ ದಿನ ಬಂದವರೆಲ್ಲ ನನ್ನನ್ನು ಮತ್ತೊಬ್ಬರ ಮನೆಯವಳು ಅಂತ ತಿಳಿದಿದ್ದರಂತೆ. ಅತ್ತೆ ಇರಬೇಕು, ಅವ್ವ ಇರಬೇಕು ಅಂತ. ನನಗೆ ನಾಚಿಕೆಯಾಗಿ ಕಣ ಸೆರಗಿನಲ್ಲಿ ಮುಚ್ಚಿಕೊಂಡು ಹೊಳ್ಳಿದೆ. ಆಕಿ ಹಿಂದಿನಿಂದ ಅಂದಳು, "ಎಲ್ಲಿ ಹೊಂಟಿ? ನಿನ್ನೆ ಹುಡುಗರು ರೊಟ್ಟಿ ಯಾರ್ ಬಡದಾರ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಕುಂದ್ರು, ಹೆಸರರ ಹೇಳು."

ಕೂತೆ. ಕಾಯಿ ಅಲ್ಲೇ ಒಡೆದು ಚಟ್ನಿಗೆ ಹಾಕಿದರು.

ಅವತ್ತು ಸಂಜೆ ಮೊಮ್ಮಗಳು ಬರುವ ಮೊದಲು ಆ ಎರಡು ಗಂಟಿನ ಹಗ್ಗ ಬಿಚ್ಚಿದೆ. ಅವಳು ಬಂದು ನೋಡಿದಳು. ಒಂದು ಪುಸ್ತಕ ತಗೊಂಡು ಗೋಡೆಗೆ ಆತುಕೊಂಡು ಕೂತಳು. ಪುಟ ಮಾತ್ರ ಬಹಳ ಹೊತ್ತು ಹೊಳ್ಳಿಸಲಿಲ್ಲ.

ಇಷ್ಟು ಬರೆದರೆ ಎಲ್ಲ ಸರಿಹೋಯಿತು ಅಂತ ಓದಿದವರು ತಿಳಿದಾರು. ಹಾಗಾಗಲಿಲ್ಲ. ಓಣಿಯವರಿಗೆ ವಾರಕ್ಕೊಂದು ಪಾಳಿ, ನನಗೆ ಯಾವ ಓಣಿಯೂ ಇರಲಿಲ್ಲ, ಹಾಗಾಗಿ ದಿನಾ ಹೋಗುತ್ತಿದ್ದೆ. ಇಂದು ಬಂದವರು ನಾಳೆ ಇರುತ್ತಿರಲಿಲ್ಲ. ಅವರವರ ಮನೆಯ ಮಾತು, ಅವರ ಬೀಗರ ಮಾತು, ನಡುವೆ ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಕೇಳುವವಳು. ಯಾವ ಡಬ್ಬಿಯಲ್ಲಿ ಉಪ್ಪು, ಯಾವ ಒಲೆ ಹೊಗೆ ಕಾರುತ್ತದೆ ಅನ್ನುವುದು ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು, ಆದರೆ ಯಾರ ಮನೆಯ ಸೀಮಂತಕ್ಕೂ ನನ್ನನ್ನು ಕರೆಯುವುದು ನೆನಪಾಗುತ್ತಿರಲಿಲ್ಲ. ಮಧ್ಯಾಹ್ನ ಖೋಲಿಗೆ ಬಂದರೆ ಮತ್ತೆ ಅದೇ ಹಾಕಿದ ಬಾಗಿಲುಗಳು. ಬೇಸಿಗೆ ಸೂಟಿಗೆ ಹುಡುಗರು ಊರಿಗೆ ಹೋದಾಗ ಬೋರ್ಡಿಂಗಿನ ಒಲೆ ಆರಿಸುತ್ತಿದ್ದರು. ಮೊಮ್ಮಗಳ ಪರೀಕ್ಷೆ ಇನ್ನೂ ಮುಗಿದಿರುತ್ತಿರಲಿಲ್ಲ. ಆ ದಿನಗಳು ಬಹಳ ಉದ್ದ.

ಊಟದ ಹೊತ್ತಿಗೆ ಕಿಟಕಿಯಿಂದ ಹುಡುಗರನ್ನು ನೋಡುತ್ತಿದ್ದೆ. ಹೊಸರಿತ್ತಿ ಕಡೆಯವರು, ಕರ್ಜಗಿ ಕಡೆಯವರು, ಸಾಲಾಗಿ ಕೂತು ಉಣ್ಣುವವರು. ಹೊಟ್ಟೆ ತುಂಬ ಉಣ್ಣಲಿ ಅನಿಸುತ್ತಿತ್ತು. ನನ್ನ ಹುಡುಗಿ ಈಗ ಕಾಲೇಜಿನ ಗಿಡದ ಕೆಳಗೆ ಒಬ್ಬಳೇ ಕೂತು ತಣ್ಣನೆ ಬುತ್ತಿ ಬಿಚ್ಚಿರಬೇಕು ಅಂತಲೂ ಅನಿಸುತ್ತಿತ್ತು. ಒಮ್ಮೆ ಮಂಡಳಿಯ ಸಭೆಗೆ ಬೋರ್ಡಿಂಗು ನಡೆಸುವ ಸಮಾಜದ ಹಿರಿಯರು ಬಂದಾಗ ಧೈರ್ಯ ಮಾಡಿ ಕೇಳಿದೆ, ಹುಡುಗ್ಯಾರಿಗೆ ಯಾಕ ಬೋರ್ಡಿಂಗ್ ಇಲ್ಲ ಅಂತ. ಒಳ್ಳೇ ಮಾತು ಹೇಳಿದಿರಿ, ಮುಂದಿನ ವರ್ಷ ನೋಡೋಣ ಅಂದರು. ಮೂರು ವರ್ಷವೂ ಕೇಳಿದೆ, ಮೂರು ವರ್ಷವೂ ಒಳ್ಳೇ ಮಾತೇ ಆಗಿತ್ತು.

ಆದರೆ ಬೆಳಗ್ಗೆ ಎದ್ದರೆ ಹೋಗಲು ಒಂದು ಕಡೆ ಇತ್ತು. ಅಷ್ಟರ ಮೇಲೆ ಮೂರು ವರ್ಷ ತಳ್ಳಿದೆ. ಅಷ್ಟಕ್ಕೇ ಹುಡುಗಿ ಪಾಸಾದಳು.

ಸೋಮವಾರ ಕಾಯಿನ್ ಬೂತಿನಿಂದ ಅವಳೇ ಊರಿಗೂ ಬ್ಯಾಡಗಿಗೂ ಫೋನು ಮಾಡಿದಳು. ಸಂಜೆಯ ಹೊತ್ತಿಗೆ ಮಗ ಸೊಸೆ ಬಂದರು, ಮಗಳು ಖಾರಪುಡಿಯ ಡಬ್ಬಿ ಹಿಡಿದು ಬಂದಳು. ಆ ಖೋಲಿಯಲ್ಲಿ ಐದು ಮಂದಿ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಗೋಧಿ ಹುಗ್ಗಿ ಮಾಡಿದ್ದೆ, ಬದನೇಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ಮಗಳು ಅಣ್ಣನಿಗೆ, ನಿನ್ನ ಮಗಳು ನಿನಗಿಂತ ಶಾಣ್ಯಾ ಆದಳು ನೋಡು, ಇನ್ನು ಮೇಲೆ ಸಹಿ ಮಾಡುವಾಗ ಅಕಿನ್ನ ಕೇಳಿ ಮಾಡು ಅಂತ ಕಾಡಿದಳು. ಅವನು ನಗುತ್ತಲೇ, ಇನ್ನು ಸಾಮಾನು ಕಟ್ಟೋಣ, ಗುರುವಾರ ಟೆಂಪೊ ತರುತ್ತೇನೆ ಅಂದ.

ಮೊಮ್ಮಗಳು ತಾಟಿನಿಂದ ಮುಖ ಎತ್ತಲಿಲ್ಲ. ಹಾವೇರಿಯಲ್ಲಿ ಬಿ.ಇಡಿ. ಮಾಡಬೇಕಂತ ಐತಿ, ಅರ್ಜಿ ತಂದೇನಿ ಅಂತ ಮೆಲ್ಲಗೆ ಹೇಳಿದಳು.

ಸೊಸೆಯ ಕೈಯಲ್ಲಿ ಹುಗ್ಗಿಯ ಸೌಟು ನಿಂತಿತು. ಮಗ ಬಹಳ ಹೊತ್ತು ಚಟ್ನಿ ಕಲಸಿದ.

"ಅಲ್ಲಿ ಅಕಿ ಜೋಡಿ ಯಾರ್ ಇರ್ತಾರ?"

"ನಾ ಇರ್ತೇನಿ" ಅಂದೆ.

"ಅಲ್ಲಿ ನಿನಗ ಯಾರ್ ಅದಾರಬೇ ಅವ್ವಾ? ಇಲ್ಲೇ ಎಷ್ಟ್ ಅತ್ತೀದಿ ಅನ್ನೋದು ನನಗ ಗೊತ್ತಿಲ್ಲ ಅಂದ್ಕೊಂಡಿಯೇನು?"

ಅವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹುಡುಗಿ ಹೇಳಿರಬೇಕು, ಇಲ್ಲ ಹಬ್ಬಕ್ಕೆ ಹೋದಾಗ ನನ್ನ ಮುಖದ ಮೇಲೇ ಇದ್ದಿರಬೇಕು.

"ಯಾರೂ ಇಲ್ಲಪಾ" ಅಂದೆ. "ಅತ್ತರ ಅಳ್ತೇನಿ. ಅಕಿ ಓದೂದು ಬಿಡೂದು ಬ್ಯಾಡ."

ಮಗ ತನ್ನ ತಾಟಿನ ರೊಟ್ಟಿ ಮುರಿದು, ದೊಡ್ಡ ಅರ್ಧ ನನ್ನ ತಾಟಿಗೆ ಹಾಕಿದ. ಹಾವೇರಿಯಲ್ಲಿ ಖೋಲಿ ನೋಡಬೇಕಂದರೆ ಕಾಲೇಜಿನ ಹತ್ತಿರ ನೋಡಬೇಕು, ಮುದುಕಿಗೆ ಮೆಟ್ಟಲು ಇರಬಾರದು ಅಂತ ತನ್ನಷ್ಟಕ್ಕೆ ತಾನೇ ಅಂದುಕೊಂಡ. ಸೊಸೆ ಎಲ್ಲರಿಗೂ ಇನ್ನೊಂದು ಸುತ್ತು ಹುಗ್ಗಿ ಹಾಕಿದಳು, ತನ್ನ ಮಗಳ ತಾಟಿಗೆ ಎರಡು ಸೌಟು. ಮೊಮ್ಮಗಳು ಸುರುಸುರು ಮೂಗು ಏರಿಸುತ್ತ, ತುಪ್ಪ ಬೇಡುತ್ತ ಉಂಡಳು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಐದೂ ಮಂದಿ ಪಾತೇಲಿ ಖಾಲಿ ಆಗುವತನಕ ಉಂಡೆವು.