ಚಲೋ ಎಂಬ ಒಂದೇ ಶಬ್ದ

ಈಗ ಬ್ಲಾಕ್‌ಚೈನ್ ಎಂದು ಹೆಸರಿಟ್ಟು ಮೆರೆಸುತ್ತಿರುವುದರ ಬಡ ಪೂರ್ವಜನೊಂದನ್ನು ಇಪ್ಪತ್ತು ವರ್ಷಗಳ ಹಿಂದೆಯೇ ನಾವು ದಿಲ್ಲಿಯ ಕರೋಲ್ ಬಾಗಿನ ಚಪ್ಪಲಿ ಅಂಗಡಿಯೊಂದರ ಮೇಲಿನ ಆಫೀಸಿನಲ್ಲಿ ಕಟ್ಟುತ್ತಿದ್ದೆವು. ಒಮ್ಮೆ ಬರೆದರೆ ಬ್ರಹ್ಮನೂ ಅಳಿಸಲಾರದ ದಾಖಲೆ ಪುಸ್ತಕ ಅದು. ಪ್ರತಿ ದಾಖಲೆಯೂ ಹಿಂದಿನದರ ಗುರುತನ್ನು ಹೊತ್ತಿರುತ್ತದೆ. ಒಂದನ್ನು ತಿದ್ದಿದರೆ ಮುಂದಿನವೆಲ್ಲ ಬೊಬ್ಬೆ ಹೊಡೆಯುತ್ತವೆ. ನನ್ನ ಪಾಲಿಗೆ ಬಂದದ್ದು ಅದರ ಕ್ಲೈಂಟ್ ಲೈಬ್ರರಿ, ಅಂದರೆ ಗ್ರಾಹಕರ ಪ್ರೋಗ್ರಾಮಿನಿಂದ ಆರ್ಡರ್ ತೆಗೆದುಕೊಂಡು ಪುಸ್ತಕಕ್ಕೆ ಮುಟ್ಟಿಸುವ ಮಾಣಿ. ಅದನ್ನು ಗ್ರಾಹಕರ ಕಂಪ್ಯೂಟರಿನಲ್ಲಿ ಸರಿಯಾಗಿ ಕೂರಿಸಿದರೆ ನನ್ನ ನೌಕರಿ ಕಾಯಂ ಎಂದು ಮ್ಯಾನೇಜರ್ ಸಾಹೇಬರು ಅಪ್ಪಣೆ ಕೊಡಿಸಿದ್ದರು.

ಸಾಹೇಬರು ದಿಲ್ಲಿಯವರು. ಅಡ್ಮಿನ್ ಪಾಸ್‌ವರ್ಡನ್ನು ಮನೆಯ ಬೀರುವಿನ ಕೀಲಿಯಂತೆ ಯಾರ ಕೈಗೂ ಕೊಡದವರು. ಆದ್ದರಿಂದ ಇನ್‌ಸ್ಟಾಲ್ ಎಂಬ ಕರ್ಮವನ್ನು ಕೀಬೋರ್ಡಿನ ಮುಂದೆ ಕೂತು ಅವರೇ ನೆರವೇರಿಸಬೇಕು. ಮಂತ್ರ ಹೇಳುವುದು ಮಾತ್ರ ನಾನು. ಬೆಳಗ್ಗೆಯಿಂದ ನನ್ನ ಲೈಬ್ರರಿ ಇನ್ನೊಂದು ಲೈಬ್ರರಿ ಬೇಕೆಂದಿತು, ಅದು ಮತ್ತೊಂದನ್ನು ಕೇಳಿತು. ಮಧ್ಯಾಹ್ನಕ್ಕೆ ಅಂತೂ ಕೂತಿತು. ಪರೀಕ್ಷೆಗೆಂದು ಒಂದು ದಾಖಲೆ ಟೈಪ್ ಮಾಡಿಸಿದೆ: ಇಡ್ಲಿ ಎರಡು, ವಡೆ ಒಂದು. ಹಸಿವಾಗಿತ್ತು.

ದಾಖಲೆ ಹೋಗಿ ಸೇರುವ ವಿಳಾಸ ಇನ್ನೂ ಗ್ರಾಹಕರ ಅಸಲಿ ಪುಸ್ತಕದ್ದೇ ಇತ್ತು. ಎಂಟರ್ ಒತ್ತುವ ಮೊದಲು ಅದನ್ನು ಪರೀಕ್ಷೆಯ ಪುಸ್ತಕಕ್ಕೆ ಬದಲಿಸಬೇಕು. ಸಾಹೇಬರನ್ನು "ರುಕಿಯೇ ಸರ್" ಎಂದು ತಡೆದು, ಪಕ್ಕದಲ್ಲಿ ನಿಂತಿದ್ದ ಧಾರವಾಡದ ಗೆಳೆಯನಿಗೆ ಪರದೆ ತೋರಿಸಿದೆ.

"ಹೇಗಿದೆಯಯ್ಯಾ?"

"ಚಲೋ!" ಎಂದ, ಚೆನ್ನಾಗಿದೆ ಎಂಬ ತನ್ನ ಊರಿನ ಅರ್ಥದಲ್ಲಿ.

ಸಾಹೇಬರ ಕಿವಿಗೆ ಅದು ಹಿಂದಿಯ ಚಲೋ, ಅಂದರೆ ನಡಿ. "ಹಾಂ, ಚಲೋ!" ಎಂದು ಅವರೂ ಅನುಮೋದಿಸಿ ಎಂಟರ್ ಕುಟ್ಟಿದರು.

ಗ್ರಾಹಕರ ಒಪ್ಪಂದ ಪತ್ರಗಳ ನಡುವೆ ಎರಡು ಇಡ್ಲಿ, ಒಂದು ವಡೆ ಶಾಶ್ವತವಾಗಿ ಪ್ರತಿಷ್ಠಾಪನೆಗೊಂಡವು.

"ಅರೆ ಯಾರ್, ಮಿಟಾ ದೋ!" ಅಳಿಸಿಬಿಡು ಎಂದು ಸಾಹೇಬರು ಕೂಗಿದರು.

"ಮಿಟೇಗಾ ನಹೀಂ ಸರ್," ಎಂದೆ. ಅಳಿಸಲಾಗದು ಎಂದು ಗ್ರಾಹಕರ ಮುಂದೆ ಎದೆ ತಟ್ಟಿಕೊಂಡವರು ಅವರೇ.

ದಾಖಲೆಯ ಕೊನೆಗೆ ಬರೆದವರ ಹೆಸರು ತಾನಾಗಿ ಬೀಳುತ್ತಿತ್ತು, ಬಿದ್ದದ್ದು ಸಾಹೇಬರದ್ದು. ಆದರೆ ಈ ಪ್ರಮಾದದ ವರದಿಯನ್ನು ಅವರು ಆ ಪುಸ್ತಕದಲ್ಲಿ ಬರೆಯುವಷ್ಟು ದಡ್ಡರಲ್ಲ, ಬಿಳಿ ಹಾಳೆಯ ಮೇಲೆ ಬರೆದರು. ಅಲ್ಲಿ ಎಂಟರ್ ಒತ್ತಿದವನು ನಾನು. ಕಾಯಂ ಆದೇಶ ಆರು ತಿಂಗಳು ಮುಂದೆ ಹೋಯಿತು.

"ನಾ ಏನ್ ಮಾಡ್ಲಿ ಮಾರಾಯಾ, ಖರೇನ ಚಲೋ ಇತ್ತು," ಎಂದು ಗೆಳೆಯ ಗೋಳಾಡಿದ.

"ಇನ್ನು ಆರು ತಿಂಗಳು ನಾನೇನು ತೋರಿಸಿದರೂ ಕೆಟ್ಟದಾಗಿದೆ ಅನ್ನು," ಎಂದೆ.

ಪುಣ್ಯಾತ್ಮ ಒಂದು ದಿನವೂ ತಪ್ಪಲಿಲ್ಲ.