ಅತ್ತೆಯ ವಿಮಾನ ತಡೆದ ತಾರೀಖಪ್ಪ

ಆ ಸಣ್ಣ ವಿಮಾನ ನಿಲ್ದಾಣದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತಾರೀಖಪ್ಪ ಅಂತ. ಇಪ್ಪತ್ತೆಂಟು ದಿನಕ್ಕೊಮ್ಮೆ, ಹಳೆಯ ನಕ್ಷೆಯ ತಾರೀಖು ಮುಗಿಯುತ್ತಿದ್ದಂತೆ, ಪ್ರತಿ ವಿಮಾನದೊಳಗೂ ನುಸುಳಿ, ದಾರಿ ತೋರಿಸುವ ಯಂತ್ರಕ್ಕೆ ಹೊಸ ನಕ್ಷೆ ತುಂಬುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ಆದರೆ ಮೂರು ತಿಂಗಳಿಂದ ಮನೆಯಲ್ಲಿದ್ದ ಅತ್ತೆಗೆ ಮಾತ್ರ ಇದೊಂದು ಕೆಲಸ ಅನ್ನಿಸಿರಲಿಲ್ಲ. ತಾರೀಖು ಬದಲಾಯಿಸುವುದಕ್ಕೂ ಸಂಬಳವೇ ಎಂದು ಮಗಳನ್ನು ಕೇಳಿದ್ದರು. ಇವನೇನು ಕಮ್ಮಿಯೇ? ಪೊಟ್ಟಣದ ಅಕ್ಕಿಯನ್ನೂ ದಿನಾ ಎರಡೆರಡು ಸಲ ಆರಿಸುತ್ತಿದ್ದ ಅತ್ತೆಯನ್ನು, ಇವತ್ತೆಷ್ಟು ಕಲ್ಲು ಸಿಕ್ಕಿತು ಎಂದು ಕೆಣಕದೆ ಊಟಕ್ಕೆ ಕೂರುತ್ತಿರಲಿಲ್ಲ.

ಒಂದು ಬೆಳಗ್ಗೆ, ಅತ್ತೆಯ ಕಿರಿಮಗಳಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಫೋನು ಬಂತು. ತಾರೀಖಪ್ಪ ಒಂಬತ್ತರ ವಿಮಾನಕ್ಕೆ ಟಿಕೆಟ್ ಮಾಡಿಸಿ, ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ, ವಾಡಿಕೆಯಂತೆ ಪೈಲಟ್‌ನ ಮುಂದಿನ ಪರದೆ ಇಣುಕಿದ. ನಕ್ಷೆಯ ಅವಧಿ ನಿನ್ನೆಗೇ ಮುಗಿದಿತ್ತು. ವಾರದಿಂದ ಬೇರೆ ಊರಲ್ಲಿದ್ದ ವಿಮಾನ ಅದು; ಅಲ್ಲಿ ಯಾರೂ ನೋಡಿರಲಿಲ್ಲ. ಹೊಸದನ್ನು ತುಂಬೋಣವೆಂದರೆ ತುಂಬುವ ಪೆಟ್ಟಿಗೆ ರಿಪೇರಿಗೆ ಹೋಗಿತ್ತು.

"ನಿನ್ನೆ ಇದ್ದ ಭೂಮಿ ಇವತ್ತು ಜರುಗುತ್ತಾ?" ಅಂದ ಪೈಲಟ್.

"ಭೂಮಿ ಜರುಗಲ್ಲ ಸಾರ್. ನಕ್ಷೆ ಕಚೇರಿಯವರು ದಾರಿ ಗುರುತು ಜರುಗಿಸ್ತಾರೆ."

ಹಳೆಯ ನಕ್ಷೆಯಲ್ಲೇ ಹಾರಬೇಕೆಂದರೆ ದಾರಿಯ ಒಂದೊಂದು ಗುರುತನ್ನೂ ಹೊಸ ಅಚ್ಚಿನ ನಕ್ಷೆಯ ಜೊತೆ ತಾಳೆ ನೋಡಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಅತ್ತೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದರು. ಪುಣ್ಯಾತ್ಮ ಮುಚ್ಚಿಕೊಳ್ಳಲಿಲ್ಲ. ಎಲ್ಲರನ್ನೂ ಕೆಳಗಿಳಿಸಿ, ಪೈಲಟ್ ಪಕ್ಕ ಮೊಣಕಾಲೂರಿ, ಬೆರಳಿಟ್ಟು ಓದಿದ. ಮೂವತ್ತೊಂದು ಗುರುತು, ಎರಡು ಗಂಟೆ. ನಿಲ್ದಾಣದ ಗಾಜಿನಾಚೆ ಚೀಲ ತಬ್ಬಿ ಕೂತ ಅತ್ತೆ ಇವನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಒಂದು ಗುರುತೂ ಬದಲಾಗಿರಲಿಲ್ಲ. ಅತ್ತೆ ಚೀಲ ಎತ್ತಿಕೊಂಡು ವಿಮಾನ ಹತ್ತಿದರು.

ಮಧ್ಯಾಹ್ನ ಅತ್ತೆಯ ಫೋನು. ಗಂಡು ಮಗು, ಇಬ್ಬರೂ ಕ್ಷೇಮ. ಆದರೆ ಅವರು ತಲುಪುವ ಅರ್ಧ ಗಂಟೆ ಮೊದಲೇ ಹುಟ್ಟಿತ್ತು; ಅಮ್ಮ ಬಂದ್ಲಾ ಎಂದು ಮಗಳು ಕೊನೇವರೆಗೂ ಕೇಳುತ್ತಿದ್ದಳಂತೆ. ತಾರೀಖಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು.

"ಏನಾದ್ರೂ ತಪ್ಪು ಸಿಕ್ತಾ, ಅಳಿಯಂದ್ರೇ?"

"ಒಂದೂ ಇಲ್ಲ ಅತ್ತೆ. ಸುಮ್ನೆ ನಿಮ್ಮನ್ನ ಕೂರಿಸಿಬಿಟ್ಟೆ."

ಅತ್ತೆ ಅಳುತ್ತಿದ್ದ ಮಗುವನ್ನು ಸಮಾಧಾನ ಮಾಡಿ ಮತ್ತೆ ಫೋನಿಗೆ ಬಂದರು.

"ಮೂರು ತಿಂಗಳಲ್ಲಿ ನಂಗೂ ಅಕ್ಕೀಲಿ ಒಂದು ಕಲ್ಲೂ ಸಿಗಲಿಲ್ಲ. ಆರಿಸೋದು ಬಿಟ್ನಾ?"

ಮಾರನೆಯ ಬೆಳಗ್ಗೆ ಹೆಂಡತಿ ಅಡುಗೆಮನೆಗೆ ಬಂದು ನೋಡಿದರೆ, ಗಂಡ ತಟ್ಟೆ ತುಂಬ ಅಕ್ಕಿ ಹರವಿಕೊಂಡು ಆರಿಸುತ್ತಿದ್ದ. ಕೇಳಿದ್ದಕ್ಕೆ, ಇದು ಎರಡನೇ ಸಲ ಎಂದ.